ಬಾಕಿ ಕೋಟೆ ಎಲ್ಲಿ?

ಮಂಗಳೂರು ಬೋಳೂರಿನ ಸುಲ್ತಾನ್ ಬತ್ತೇರಿಗೆ ಹೋಗುವವರು ಚಿತ್ರದುರ್ಗವನ್ನು ತಲೆಯಲ್ಲಿಟ್ಟುಕೊಂಡು ಹೋಗಬಾರದು. ನಾನು ಬೂಟು, ಟೋಪಿ, ಎರಡು ಲೀಟರ್ ನೀರು, ಗ್ಲೂಕೋಸ್ ಪುಡಿ, ಮಂಡಿನೋವಿನ ಮುಲಾಮು ಸಮೇತ ದಂಡಯಾತ್ರೆ ಹೊರಟಿದ್ದೆ. ಮೆಟ್ಟಿಲು ಹತ್ತಿದ್ದೇ ತಡ, ಕೋಟೆ ಮುಗಿದೇ ಹೋಯಿತು!

“ಮಾಮ, ಬಾಕಿ ಕೋಟೆ ಎಲ್ಲಿ?” ಅಂದಳು ತಂಗಿಯ ಮಗಳು.

ಗಾತ್ರ ನೋಡಿ ನಗಬೇಡಿ ಮಾರಾಯ್ರೆ. 1784ರಲ್ಲಿ ಟಿಪ್ಪು ಇದನ್ನು ಕಟ್ಟಿಸಿದ್ದು ದರ್ಬಾರು ನಡೆಸಲಿಕ್ಕಲ್ಲ, ಗುರುಪುರ ಹೊಳೆಯೊಳಗೆ ಶತ್ರುವಿನ ಹಡಗು ನುಗ್ಗದಂತೆ ಕಾಯಲಿಕ್ಕೆ. ಕಪ್ಪುಕಲ್ಲಿನ ಗೋಡೆಯ ತುಂಬ ಫಿರಂಗಿ ಕಿಂಡಿಗಳು, ಅಡಿಯಲ್ಲಿ ಮದ್ದು ತುಂಬಿಡುವ ಕೋಣೆ. ಇಷ್ಟು ಸಾಕಲ್ಲ, ನನ್ನೊಳಗಿನ ಸೇನಾಪತಿ ಎದ್ದು ಕೂತ. ಒಂದು ಕಿಂಡಿಯೊಳಗೆ ತೂರಿಕೊಂಡು ಹೊಳೆಯ ಕಡೆ ಗುರಿಯಿಟ್ಟೆ. ತಣ್ಣೀರುಬಾವಿ ಕಡೆಯಿಂದ ಬರುತ್ತಿದ್ದ ದೋಣಿಯಲ್ಲಿ ಐಸ್‌ಕ್ಯಾಂಡಿ ಚೀಪುತ್ತಿದ್ದವನೊಬ್ಬ ಹಲ್ಲು ಕಿರಿದು ಟಾಟಾ ಮಾಡಿದ. ಶತ್ರುವೇ ಹೀಗೆ ಕೈಬೀಸಿದರೆ ಫಿರಂಗಿಯವನಾದರೂ ಏನು ಮಾಡಬೇಕು? ಮರ್ಯಾದೆಗೆ ನಾನೂ ಕೈಬೀಸಿ, ಹಿಂದೆ ಸರಿಯಲು ನೋಡಿದರೆ ಹೊಟ್ಟೆ ಒಪ್ಪುತ್ತಿಲ್ಲ. ಫಿರಂಗಿಗೇನು, ಅದು ಗೋಳಿಬಜೆ ತಿನ್ನುವುದಿಲ್ಲ.

“ಉಸಿರು ಬಿಡು ಅಣ್ಣ, ಪೂರ್ತಿ ಬಿಡು” ಎನ್ನುತ್ತ ತಂಗಿ ಹಿಂದಿನಿಂದ ಬೆಲ್ಟು ಹಿಡಿದು ಜಗ್ಗತೊಡಗಿದಳು. ದೋಣಿಯವನು ಅಷ್ಟರಲ್ಲಿ ಮೊಬೈಲು ತೆಗೆದಿದ್ದ.