ಶುಷ್ಕವದನ ಮೀಮಾಂಸೆ: ನಾಲ್ಕು ತಾಲೂಕುಗಳ ಉಗುಳಿನ ಶಾಸ್ತ್ರೀಯ ವಿವೇಚನೆ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಬಗ್ಗೆ ವಿದ್ವಾಂಸರು ಬರೆದದ್ದು ಕಡಿಮೆಯೇನಲ್ಲ. ಸವದತ್ತಿಯ ರಟ್ಟರ ವಂಶಾವಳಿ ಸಿದ್ಧವಾಗಿದೆ. 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ಕಾಳಗದಲ್ಲಿ ಬಿದ್ದದ್ದು ಶಾಲೆಯ ಮಕ್ಕಳಿಗೂ ಬಾಯಿಪಾಠ. ಆದರೆ ಆ ಪಾಠ ಒಪ್ಪಿಸುವ ಬಾಯಿಯೊಳಗಿನ ತೇವದ ಬಗ್ಗೆ ಒಂದು ಅಡಿಟಿಪ್ಪಣಿಯೂ ಇಲ್ಲ! ಪಂಡಿತರು ಇದನ್ನು ಲಾಲಾರಸ ಎನ್ನುತ್ತಾರೆ, ಸಂತೆಯ ಮಂದಿ ಉಗುಳು ಎನ್ನುತ್ತಾರೆ, ಇಬ್ಬರೂ ನುಂಗಿಕೊಂಡು ಸುಮ್ಮನಾಗುತ್ತಾರೆ. ಈ ಮಹಾಲೋಪವನ್ನು ತುಂಬಲೆಂದೇ ಪ್ರಸ್ತುತ ಗ್ರಂಥ.

ಮೊದಲು ಪರಿಮಾಣ ವಿಚಾರ. ಆರೋಗ್ಯವಂತರ ಬಾಯಲ್ಲಿ ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರ್ ಉಗುಳು ಒಸರುತ್ತದೆ. ಕಿವಿಯ ಮುಂದೆ, ದವಡೆಯ ಕೆಳಗೆ, ನಾಲಿಗೆಯ ಅಡಿಯಲ್ಲಿ ಹೀಗೆ ಮೂರು ಜೋಡಿ ದೊಡ್ಡ ಗ್ರಂಥಿಗಳು. ತುಟಿ, ಕೆನ್ನೆ, ಅಂಗುಳದಲ್ಲಿ ನೂರಾರು ಚಿಲ್ಲರೆ ಗ್ರಂಥಿಗಳು. ದಿನಕ್ಕೆ ಒಂದು ಲೀಟರ್, ಆಯುಷ್ಯ 70 ವರ್ಷ ಎಂದು ಹಿಡಿದರೆ ತಲೆಗೆ 25,550 ಲೀಟರ್ ಆಯಿತು. ಮಲಪ್ರಭೆಗೆ ನವಿಲುತೀರ್ಥದಲ್ಲಿ ಕಟ್ಟಿದ ರೇಣುಕಾಸಾಗರದಲ್ಲಿ 37.73 ಟಿಎಂಸಿ ನೀರು ಹಿಡಿಸುತ್ತದೆ. ಭಾಗಾಕಾರ ಮಾಡಿದರೆ ಸುಮಾರು 4 ಕೋಟಿ 18 ಲಕ್ಷ ಜನರ ಆಜೀವ ಉಗುಳು. 2011ರ ಜನಗಣತಿಯಂತೆ ಕರ್ನಾಟಕದ ಜನಸಂಖ್ಯೆ 6.11 ಕೋಟಿ. ಎಂದರೆ ನಾಡಿನ ಮೂರರಲ್ಲಿ ಎರಡು ಪಾಲು ಜನ ಹುಟ್ಟಿದಂದಿನಿಂದ ನಿಷ್ಠೆಯಿಂದ ಉಗುಳಿದರೆ ಅಣೆಕಟ್ಟು ತುಂಬುತ್ತದೆ. ಹುಬ್ಬಳ್ಳಿ-ಧಾರವಾಡಕ್ಕೆ ಕುಡಿಯುವ ನೀರು ಅಲ್ಲಿಂದಲೇ ಹೋಗುವುದರಿಂದ ಈ ಪ್ರಯೋಗಕ್ಕೆ ನಮ್ಮ ಸಮ್ಮತಿಯಿಲ್ಲ. ಬಸ್ ನಿಲ್ದಾಣಗಳ ಗೋಡೆ ನೋಡಿದರೆ ಕೆಲವರು ಸಮ್ಮತಿಗೆ ಕಾಯದೆ ಆರಂಭಿಸಿದಂತಿದೆ.

ಇನ್ನು ಪೂರ್ವಪಕ್ಷ. "ಬಾಯಿ ಆರೇದ ಅಂದ್ರ ನೀರಡಿಕಿ ಆಗೇದ, ನೀರ ಕುಡೀರಿ, ಮುಗೀತು" ಎಂಬುದು ಕಟ್ಟೆಯ ಮೇಲಿನ ಸಂಪ್ರದಾಯದವರ ಮತ. ಅವರು ಕೊಡುವ ಪ್ರಮಾಣ ಎಲ್ಲಮ್ಮನ ಗುಡ್ಡದ್ದು. ಭಾರತ ಹುಣ್ಣಿಮೆಗೆ ಉಧೋ ಉಧೋ ಎನ್ನುತ್ತ ಬಾಯಿ ತೆರೆದು ಗುಡ್ಡ ಹತ್ತಿದವರ ನಾಲಿಗೆ ಅಂಗುಳಕ್ಕೆ ಅಂಟುತ್ತದೆ, ಗಾಳಿಗೆ ಹಾರಿದ ಭಂಡಾರವೂ ಅದರ ಮೇಲೆ ಕೂಡುತ್ತದೆ, ಒಂದು ತಂಬಿಗೆ ನೀರಿಗೆ ಎಲ್ಲ ಸರಿಹೋಗುತ್ತದೆ. ನಿಜವೇ. ಆದರೆ ಗುಡ್ಡ ಹತ್ತದೆಯೂ, ಕುಡಿದ ಕಾಲು ಗಂಟೆಗೇ ಬಾಯಿ ಆರಿದರೆ? ನಡುರಾತ್ರಿ ನಾಲಿಗೆ ತೋಯಿಸಲೆಂದೇ ಎದ್ದರೆ? ಮುಟಗಿ ಗಂಟಲಲ್ಲಿ ನಿಂತರೆ? ಆಗ ಒರತೆಯೇ ಬತ್ತಿದೆ ಎಂಬುದು ಸಿದ್ಧಾಂತ. ಸುಮ್ಮನೆ ಕೂತಾಗ ನಿಮಿಷಕ್ಕೆ 0.1 ಮಿಲಿಲೀಟರ್‌ಗಿಂತ ಕಡಿಮೆ ಒಸರಿದರೆ ವೈದ್ಯರು ಅದನ್ನು ದೋಷವೆಂದೇ ಎಣಿಸುತ್ತಾರೆ.

ಶಾಸನ ಪ್ರಮಾಣವನ್ನೂ ನೋಡೋಣ. ಕಿತ್ತೂರಿನಲ್ಲಿ ಗೋವೆಯ ಕದಂಬರ ಕಾಲದ, ಹನ್ನೆರಡನೆಯ ಶತಮಾನದ ಒಂದು ಶಾಸನವಿದೆ. ಜಮೀನಿನ ವ್ಯಾಜ್ಯವೊಂದು ಫಾಳದಿವ್ಯಕ್ಕೆ, ಅಂದರೆ ಕಾದ ಕುಳವನ್ನು ಕೈಯಲ್ಲಿ ಹಿಡಿಯುವ ಪರೀಕ್ಷೆಗೆ ಹೋದ ಸಂಗತಿ ಅದರಲ್ಲಿದೆ. ನಮ್ಮ ನಮ್ರ ಅಭಿಪ್ರಾಯದಲ್ಲಿ ಪಂಚರು ಕೈ ನೋಡಿದ್ದು ತಪ್ಪು, ಬಾಯಿ ನೋಡಬೇಕಿತ್ತು. ಧರ್ಮಶಾಸ್ತ್ರಗಳಲ್ಲಿ ಕಳ್ಳತನದ ಆರೋಪಿಗೆ ಅಕ್ಕಿ ಅಗಿಸಿ ಉಗುಳಿಸುವ ತಂಡುಲ ದಿವ್ಯವೂ ಇತ್ತು. ಹೆದರಿದವನ ನರಗಳು ಉಗುಳನ್ನು ತಗ್ಗಿಸಿ ಅಂಟು ಮಾಡುತ್ತವೆ. ಅಕ್ಕಿ ಒಣಗಿಯೇ ಹೊರಬರುತ್ತದೆ, ವಸಡೂ ತರಚುತ್ತದೆ. ಇದರಲ್ಲೊಂದು ತೊಡಕುಂಟು. ಇಂದು ಬಾಯಿ ಆರಿಸುವ ಬಿಪಿ ಗುಳಿಗೆ ನುಂಗುವ ಸಾಚಾ ಮನುಷ್ಯನೂ ಈ ಪರೀಕ್ಷೆಯಲ್ಲಿ ಕಳ್ಳನಾಗುತ್ತಾನೆ.

ಆದ್ದರಿಂದ ಗುಳಿಗೆ ಕಾಣದ ಬಾಯಿಯ ಸಾಕ್ಷಿಗೆ ರಾಮಾಯಣದ ಶಬರಿಯನ್ನು ಕರೆಯಬೇಕು. ರಾಮದುರ್ಗ ತಾಲೂಕಿನ ಸುರೇಬಾನದ ಹತ್ತಿರ ಶಬರಿಕೊಳ್ಳವಿದೆ. ಆಕೆ ಹಣ್ಣು ಕಚ್ಚಿ ರುಚಿ ನೋಡಿ ರಾಮನಿಗೆ ಕೊಟ್ಟಳೆಂಬುದು ವಾಲ್ಮೀಕಿಯಲ್ಲಿಲ್ಲ, ಆಮೇಲಿನ ಭಕ್ತರು ಸೇರಿಸಿದ್ದು. ಸೇರಿಸಿದವರಿಗೆ ಶರೀರಶಾಸ್ತ್ರ ಗೊತ್ತಿತ್ತು ಎಂದೇ ನಮ್ಮ ಊಹೆ. ಉಗುಳಿನಲ್ಲಿ ಕರಗದ ಹೊರತು ಯಾವ ಸಿಹಿಯೂ ನಾಲಿಗೆಗೆ ತಿಳಿಯುವುದಿಲ್ಲ. ಅಷ್ಟು ವಯಸ್ಸಾದ ಮುದುಕಿ ಹುಳಿ-ಸಿಹಿ ಬೇರ್ಪಡಿಸಿದಳೆಂದರೆ ಆಕೆಯ ಗ್ರಂಥಿಗಳು ಗಟ್ಟಿಯಾಗಿದ್ದವು. "ವಯಸ್ಸಾತು, ಬಾಯಿ ಆರತೈತಿ" ಎನ್ನುವವರಿಗೆ ಇದೇ ಉತ್ತರ. ಬರೀ ವಯಸ್ಸಿನಿಂದ ಬಾಯಿ ಆರುವುದು ಕಡಿಮೆ, ವಯಸ್ಸಿನ ಜೊತೆಗೆ ಬೆಳೆಯುವ ಗುಳಿಗೆ ಚೀಟಿಯಿಂದ ಆರುವುದು ಹೆಚ್ಚು. ಶಬರಿಗೆ ಚೀಟಿ ಬರೆಯುವವರಿರಲಿಲ್ಲ.

ಪ್ರಯೋಗ ಖಂಡಕ್ಕೆ ಬೈಲಹೊಂಗಲದ ಹತ್ತಿ ಪೇಟೆಗೆ ಬಂದ ಒಬ್ಬ ಕಾಲ್ಪನಿಕ ಹಿರಿಯರನ್ನು ಆರಿಸಿದ್ದೇವೆ.

"ಬಾಯಾಗ ಉಗುಳs ಇಲ್ಲರಿ ಡಾಕ್ಟರ್ರ."

"ಗುಳಿಗಿ ಏನೇನ ತಗೋತೀರಿ, ಅಜ್ಜಾರ?"

"ಬಿಪಿದೊಂದು, ಸಕ್ಕರಿ ಬ್ಯಾನಿದೊಂದು, ನೆಗಡಿದೊಂದು, ನಿದ್ದಿದೊಂದು."

"ಬಾಯಿ ಆರಿದಾಗ ಏನ ಮಾಡ್ತೀರಿ?"

"ಪೆಪ್ಪರಮಿಂಟ ಚೀಪತೇನ್ರಿ. ಚಾ ಕುಡೀತೇನಿ. ಮ್ಯಾಲ ಒಂದ ಚೀಟ ಗುಟಕಾ."

ರೋಗವೂ ಔಷಧವೂ ಒಂದೇ ಕಿಸೆಯಲ್ಲಿ! ನೆಗಡಿಯ, ನಿದ್ದೆಯ, ಬಿಪಿಯ ಹಲವು ಗುಳಿಗೆಗಳು ಬಾಯಿ ಆರಿಸುತ್ತವೆ. ಸಕ್ಕರೆ ಕಾಯಿಲೆ ಹತೋಟಿ ತಪ್ಪಿದರೂ ಆರುತ್ತದೆ. ಉಗುಳು ಹುಳಿಯನ್ನು ತಣಿಸಿ, ಸುಣ್ಣದ ಅಂಶವನ್ನು ಹಲ್ಲಿಗೆ ಮರಳಿಸುವ ಕೂಲಿಯಾಳು. ಅವನಿಲ್ಲದ ಬಾಯಿಗೆ ಪೆಪ್ಪರಮಿಂಟು ಬಿದ್ದರೆ ಹಲ್ಲಿನ ಬುಡವೇ ಹುಳುಕಾಗುತ್ತದೆ. ಕಟ್ಟಿಸಿದ ಹಲ್ಲಿನ ಸೆಟ್ಟೂ ಉಗುಳಿನ ತೆಳು ಪದರಿನಿಂದಲೇ ವಸಡಿಗೆ ಅಂಟುವುದು. ಅದಿಲ್ಲದೆ ಸೆಟ್ಟು ಅಂಗಿಯ ಕಿಸೆ ಸೇರಿ, ರೊಟ್ಟಿ ಹಾಲಿನಲ್ಲಿ ನೆನೆಯುತ್ತದೆ.

ಗುಟಕಾ ಪ್ರಕರಣದಲ್ಲಿ ಅಣಕ ನಡೆಯುವುದಿಲ್ಲ. ಅಡಿಕೆಯ ಆರೆಕೊಲೀನ್ ಬಾಯಲ್ಲಿ ಉಗುಳು ತರಿಸುವುದು ನಿಜ, ಆರಿದ ಬಾಯಿಗೆ ಅದು ಹಿತವೆನಿಸಬಹುದು. ಆದರೆ ಅಡಿಕೆಯೂ ತಂಬಾಕೂ ಬಾಯಿ ಕ್ಯಾನ್ಸರ್‌ಗೆ ಕಾರಣ. ಆ ಕ್ಯಾನ್ಸರ್‌ಗೆ ಕೊಡುವ ವಿಕಿರಣ ಉಗುಳಿನ ಗ್ರಂಥಿಗಳನ್ನು ಸುಡುತ್ತದೆ, ಎಷ್ಟೋ ಜನರಿಗೆ ತೇವ ಮರಳುವುದೇ ಇಲ್ಲ. 2013ರಲ್ಲಿ ಕರ್ನಾಟಕ ಗುಟಕಾ ನಿಷೇಧಿಸಿತು. ಆಮೇಲೆ ಪಾನ್ ಮಸಾಲೆ ಒಂದು ಚೀಟಿನಲ್ಲಿ, ತಂಬಾಕು ಇನ್ನೊಂದು ಚೀಟಿನಲ್ಲಿ ಬಂದವು; ಬೆರೆಸುವ ಕೆಲಸ ಗಿರಾಕಿಯದಾಯಿತು.

ಪರಿಹಾರ ಕಾಂಡ ಚಿಕ್ಕದು. ಗಟಗಟ ಕುಡಿಯದೆ ಗುಟುಕು ಗುಟುಕಾಗಿ ನೀರು. ಉಪ್ಪು ಕಡಿಮೆಯ ಮಜ್ಜಿಗೆ. ಸಕ್ಕರೆಯಿಲ್ಲದ ಚೂಯಿಂಗ್ ಗಮ್ ಅಥವಾ ರೊಟ್ಟಿಯನ್ನು ನಿಧಾನವಾಗಿ ಅಗಿಯುವುದು, ಏಕೆಂದರೆ ಅಗಿತವೇ ಗ್ರಂಥಿಗಳನ್ನು ಎಬ್ಬಿಸುತ್ತದೆ. ಲಿಂಬೆ ಚೀಪಿದರೆ ನೀರೂರುವುದು ಹೌದು, ಆದರೆ ಉಗುಳು ಕಡಿಮೆಯಿರುವ ಬಾಯಲ್ಲಿ ಆ ಹುಳಿ ಹಲ್ಲನ್ನೇ ತಿನ್ನುತ್ತದೆ. ನಿದ್ದೆಯಲ್ಲಿ ಉಗುಳು ಹೆಚ್ಚುಕಡಿಮೆ ನಿಲ್ಲುವುದರಿಂದ ಮಲಗುವ ಮುಂಚೆ ಫ್ಲೋರೈಡ್ ಪೇಸ್ಟಿನಿಂದ ತಿಕ್ಕುವುದು ತಪ್ಪಬಾರದು. ಮದ್ಯಾಂಶವಿರುವ ಬಾಯಿ ತೊಳೆಯುವ ದ್ರಾವಣ ಬೇಡ. ಬಾಯಿಂದ ಉಸಿರಾಡುವವರು ಮೂಗು ತೋರಿಸಿಕೊಳ್ಳಲಿ. ಕಣ್ಣೂ ಉರಿದು ಒಣಗುತ್ತಿದ್ದರೆ ಷೋಗ್ರೆನ್ ಎಂಬ ಬೇರೆ ಬೇನೆಯ ಪರೀಕ್ಷೆ ಬೇಕು.

ಓದುಗ ಮಹಾಶಯರೇ, ಇದನ್ನೋದಿ ಬಿಪಿ ಗುಳಿಗೆಯನ್ನು ನೀವೇ ನಿಲ್ಲಿಸಬೇಡಿ, ಅದು ಬಾಯಿಗಿಂತ ದೊಡ್ಡ ಅನಾಹುತ. ಗುಳಿಗೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ನಿಮ್ಮ ಡಾಕ್ಟರ ಮುಂದೆ ಸುರಿಯಿರಿ. ಹಲ್ಲು ತೋರಿಸಲು ಬೆಳಗಾವಿಯಲ್ಲೂ ಧಾರವಾಡದ ಸತ್ತೂರಿನಲ್ಲೂ ದಂತ ಕಾಲೇಜಿನ ಆಸ್ಪತ್ರೆಗಳಿವೆ.