ಎರಡು ನಿಮಿಷ, ಹದಿನೆಂಟು ಮೆಟ್ಟಿಲು

ಮನೆಯ ಮಹಡಿ ರೂಮೇ ನನ್ನ ಆಫೀಸು. ನಾಲ್ಕು ಜನರ ಟ್ಯಾಕ್ಸ್ ರಿಟರ್ನ್ ತುಂಬಿಕೊಟ್ಟು ಹೊಟ್ಟೆ ಹೊರೆಯುವವನು ನಾನು. ಹೋದ ತಿಂಗಳು ವೈರ್‌ಲೆಸ್ ಪ್ರಿಂಟರು ತಂದೆ. "ಇನ್ನೂರು ರೂಪಾಯಿ ಸಾರ್, ಕೇಬಲ್ಲೂ ಇರಲಿ" ಎಂದ ಅಂಗಡಿ ಹುಡುಗನನ್ನು, ಅವನು ಎತ್ತಿನಗಾಡಿ ಮಾರಲು ಬಂದವನೇನೋ ಎಂಬಂತೆ ನೋಡಿದೆ.

ಮನೆಗೆ ಬಂದು ನೋಡಿದರೆ ಪ್ರಿಂಟರಿನ ಪಟ್ಟಿಯಲ್ಲಿ ಪಕ್ಕದ ಮನೆಯ ವೈಫೈ ಇದೆ, ಬೀದಿ ಕೊನೆಯ ಬೇಕರಿಯದೂ ಇದೆ, ನಮ್ಮದೇ ಇಲ್ಲ.

ಡಬ್ಲ್ಯೂಪಿಎಸ್ ಎಂಬ ಸುಲಭೋಪಾಯ ಇತ್ತು. ರೌಟರಿನ ಗುಂಡಿ ಒತ್ತಿ, ಎರಡು ನಿಮಿಷದೊಳಗೆ ಪ್ರಿಂಟರಿನ ಗುಂಡಿ ಒತ್ತಬೇಕು. ರೌಟರು ಕೆಳಗಿನ ಹಾಲಿನಲ್ಲಿ, ಪ್ರಿಂಟರು ಮೇಲೆ, ನಡುವೆ ಹದಿನೆಂಟು ಮೆಟ್ಟಿಲು. ಕೆಳಗೆ ಒತ್ತಿದೆ, ಓಡಿದೆ. ಮೇಲೆ ಹೋದರೆ ಪುಟ್ಟ ಗುಂಡಿಗಳ ಸಾಲು. ಯಾವುದು ಯಾವುದೆಂದು ಓದಲು ಕನ್ನಡಕ ಬೇಕು. ಕನ್ನಡಕ ರೌಟರಿನ ಪಕ್ಕದಲ್ಲಿತ್ತು.

ಮೂರನೇ ಸಲ ಓಡುವಾಗ ಅಮ್ಮ, "ದೇವಸ್ಥಾನಕ್ಕೆ ಕರೆದರೆ ಮಂಡಿ ನೋವು ಅಂತೀಯಲ್ಲೋ" ಎಂದರು.

ಆಮೇಲೆ ವೈಫೈ ಡೈರೆಕ್ಟ್. ಇದರಲ್ಲಿ ರೌಟರಿನ ಹಂಗಿಲ್ಲ, ಪ್ರಿಂಟರು ತಾನೇ ಒಂದು ವೈಫೈ ಹೊರಡಿಸುತ್ತದೆ. ಮೊಬೈಲು ಅದಕ್ಕೆ ಸೇರಿಕೊಂಡಿತು. ಗೆದ್ದೆ ಎಂದುಕೊಂಡೆ. ಆದರೆ ಮಹಡಿಯಲ್ಲಿ ಮೊಬೈಲಿನ ಡೇಟಾ ಬಾರದು. ಮನೆ ವೈಫೈ ಬಿಟ್ಟು ಬಂದ ಮೇಲೆ ಇಂಟರ್ನೆಟ್ಟೂ ಇಲ್ಲ. ಪ್ರಿಂಟ್ ಆಗಬೇಕಾದ ಕಾಗದ ಇದ್ದದ್ದು ಈಮೇಲಿನಲ್ಲಿ!

ಕೆಳಗೆ ಕಾದಿದ್ದ ಗಿರಾಕಿ ಎರಡನೇ ಕಾಫಿ ಮುಗಿಸಿ, "ನಾಳೆ ಬರ್ತೀನಿ ಸಾರ್" ಎಂದು ಎದ್ದರು.

ಸಂಜೆ ಕಾಲೇಜಿನಿಂದ ಬಂದ ಮಗಳು ರೌಟರಿನ ಸೆಟಿಂಗ್ಸ್ ತೆರೆದು, "ಅಪ್ಪಾ, 2.4 ಯಾರು ಆಫ್ ಮಾಡಿದ್ದು?" ಎಂದಳು. ನಾನೇ. 2.4 ಗಿಗಾಹರ್ಟ್ಸ್‌ಗಿಂತ 5 ದೊಡ್ಡದಲ್ಲವೇ? ಚಿಕ್ಕದು ಯಾಕೆಂದು ನಂದಿಸಿದ್ದೆ. 5ಕ್ಕೆ ವೇಗ ಹೆಚ್ಚು, ಗೋಡೆ ದಾಟುವ ತಾಕತ್ತು ಕಡಿಮೆ. ನಾನು ತಂದ ಪ್ರಿಂಟರಿಗೋ 2.4 ಬಿಟ್ಟರೆ ಬೇರೇನೂ ತಿಳಿಯದು. ಲೆಕ್ಕ ಬರೆದು ಬದುಕುವವನು ಲೆಕ್ಕದಲ್ಲೇ ಎಡವಿದ್ದೆ.

ಮಗಳು 2.4 ಮತ್ತೆ ಆನ್ ಮಾಡಿದಳು, ಪ್ರಿಂಟರು ಸೇರಿಕೊಂಡಿತು. ಮರುದಿನ ಕರೆಂಟು ಹೋಗಿ ಬಂತು. ಪ್ರಿಂಟರು 'ಆಫ್‌ಲೈನ್'. ರೌಟರು ಅದಕ್ಕೆ ಹೊಸ ಐಪಿ ವಿಳಾಸ ಕೊಟ್ಟಿತ್ತು. ಕಂಪ್ಯೂಟರು ಹಳೇ ವಿಳಾಸದ ಕದ ತಟ್ಟುತ್ತ ಕೂತಿತ್ತು. ರೌಟರಿನಲ್ಲಿ ವಿಳಾಸವನ್ನು ಕಾಯಂ ಮಾಡಿಡಬೇಕಂತೆ. ಅದನ್ನೂ ಮಗಳೇ ಮಾಡಿದಳು.

"ಏನ್ರೀ, ಆ ಕೇಬಲ್ಲು ತಂದಿದ್ದರೆ?" ಎಂದಳು ಹೆಂಡತಿ, ಬಟ್ಟೆ ಮಡಿಸುತ್ತಲೇ.

ಪ್ರಿಂಟರು ಕೊಳ್ಳುವವರೇ, ಡಬ್ಬದ ಮೇಲೆ 2.4 ಮಾತ್ರವೋ, 5 ಕೂಡ ಇದೆಯೋ ಓದಿಕೊಳ್ಳಿ. ಓದಲು ಕನ್ನಡಕ ಒಯ್ಯಿರಿ. ಕೇಬಲ್ ಬೇಡ ಎನ್ನಬೇಡಿ. ಮರುವಾರ ಅದೇ ಹುಡುಗನ ಮುಂದೆ ನಿಂತಾಗ ಅದರ ಬೆಲೆ ಇನ್ನೂರೈವತ್ತಾಗಿತ್ತು.