ತಿಮ್ಮಪ್ಪ ಜಾರಿದ ಕಾರು

47ನೇ ವಯಸ್ಸಿಗೆ ನನ್ನ ಗೆಳೆಯರಿಗೆಲ್ಲ ಶುಗರ್ ಬಂತು. ನನಗೆ ಸ್ಪೋರ್ಟ್ಸ್ ಕಾರಿನ ಚಪಲ ಬಂತು. "ಶುಗರ್ ಆಗಿದ್ದರೆ ಮಾತ್ರೆಯಾದರೂ ಇತ್ತು" ಎಂದಳು ಹೆಂಡತಿ.

ನಾವಿರುವ ನ್ಯೂಜೆರ್ಸಿಯಲ್ಲಿ ಬಡವರ ಸ್ಪೋರ್ಟ್ಸ್ ಕಾರು ಅಂದರೆ ಮಾಜ್ದಾ ಮಿಯಾಟಾ. 1989ರ ಶಿಕಾಗೋ ಆಟೋ ಶೋನಲ್ಲಿ ಮೊದಲು ಮುಖ ತೋರಿಸಿದ್ದು. ಎರಡೇ ಸೀಟು, ಮಡಚುವ ಚಾವಣಿ. ನಾನು ನೋಡಲು ಹೋದದ್ದು 1992ರದ್ದು, ಕೆಂಪು. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ಊರಿದು. ಹಳೇ ಮಿಯಾಟಾಗಳಿಗೆ ಹಿಂದಿನ ಚಕ್ರದ ಮುಂಭಾಗದ ತಗಡಿಗೇ ತುಕ್ಕಿನ ಕಾಟ. ಅಲ್ಲಿ ಪುಟ್ಟಿ ಮೆತ್ತಿದ್ದರೆ ಅಯಸ್ಕಾಂತ ನಿಲ್ಲುವುದಿಲ್ಲವಂತೆ. ಸರಿ, ಫ್ರಿಜ್ ಮೇಲಿದ್ದ ತಿರುಪತಿ ತಿಮ್ಮಪ್ಪನ ಮ್ಯಾಗ್ನೆಟ್ಟನ್ನು ಜೇಬಿಗಿಳಿಸಿ ಹೊರಟೆ.

ಬಾಗಿಲ ಮೇಲೆ ತಿಮ್ಮಪ್ಪ ಗಟ್ಟಿಯಾಗಿ ನಿಂತ. ಚಕ್ರದ ಬಳಿ ಜಾರಿಬಿದ್ದ. ಒರೆಸಿ ಮತ್ತೆ ಇಟ್ಟೆ, ಮತ್ತೆ ಬಿದ್ದ. ದೇವರು ಇದಕ್ಕಿಂತ ಸ್ಪಷ್ಟವಾಗಿ ಇನ್ನು ಹೇಗೆ ಹೇಳಬೇಕು? ಅಷ್ಟರಲ್ಲಿ ಮಾರುವವನು ಒಂದು ಗುಂಡಿ ಒತ್ತಿದ. ಮುಚ್ಚಿಕೊಂಡಿದ್ದ ಎರಡೂ ಹೆಡ್‌ಲೈಟು ಕಪ್ಪೆಯ ಕಣ್ಣಿನಂತೆ ಮೇಲೆದ್ದು ನನ್ನನ್ನೇ ನೋಡಿದವು. ಚೆಕ್ ಬರೆದುಬಿಟ್ಟೆ.

ಮನೆಮುಂದೆ ಹೆಂಡತಿ, ಮಗ, ಮಂಡ್ಯದಿಂದ ಬಂದಿದ್ದ ಅತ್ತೆ. "ಉಳಿದವರು ಎಲ್ಲಿ ಕೂರೋದು?" ಎಂದರು ಅತ್ತೆ. ನಿಮ್ಮ ಮನೆಯಲ್ಲೂ ಸೀಟು ಎಣಿಸುವವರೊಬ್ಬರು ಇದ್ದೇ ಇರುತ್ತಾರೆ.

ಮೊದಲ ಸವಾರಿ ಅಕ್ಕಿ ತರಲು. ಡಿಕ್ಕಿಯಲ್ಲಿ ಸ್ಪೇರ್ ಟೈರು, ಬ್ಯಾಟರಿ ಆಗಲೇ ಸಂಸಾರ ಹೂಡಿದ್ದವು. 20 ಪೌಂಡಿನ ಸೋನಾ ಮಸೂರಿ ಪಕ್ಕದ ಸೀಟಿನಲ್ಲಿ ಬೆಲ್ಟ್ ಬಿಗಿದು ಕೂತಿತು. ಚಾವಣಿ ಇಳಿಸಿ, ಕೂಲಿಂಗ್ ಗ್ಲಾಸ್ ಏರಿಸಿ ಬಂದೆ. ಇಳಿಯಲು ಮಂಡಿ ಒಪ್ಪಲಿಲ್ಲ. ಮೊದಲು ಅಕ್ಕಿಯನ್ನು ಇಳಿಸಿಕೊಂಡರು, ಆಮೇಲೆ ನನ್ನನ್ನು.

ಚಾವಣಿಯ ನೀರು ಹರಿದುಹೋಗಲು ಸೀಟುಗಳ ಹಿಂದೆ ಎರಡು ತೂತುಗಳಿವೆ. ಆಗಾಗ ಎಲೆಕಸ ತೆಗೆಯಬೇಕು. ನಾನೋ, ಅಕ್ಕಪಕ್ಕದವರು ನೋಡಲೆಂದು ಬಾನೆಟ್ಟಿಗೆ ಪಾಲಿಶ್ ಉಜ್ಜುತ್ತಿದ್ದೆ. ಒಂದು ಮಳೆಯ ಮರುದಿನ ಕೂತೆ, ಚೊಳಕ್ ಅಂತು. ಅದೇ ಪ್ಯಾಂಟಿನಲ್ಲಿ ಇಡೀ ಮೀಟಿಂಗು ನಿಂತೇ ಇದ್ದೆ.

ಇನ್ನು ದೇವಸ್ಥಾನದ ಪಾರ್ಕಿಂಗಿನಲ್ಲಿ ಒಂದು ಕಣ್ಣು ಮಾತ್ರ ಎದ್ದಿತು. ಎದುರಿಗೆ ಅರ್ಚಕರ ಹೆಂಡತಿ. ಕಣ್ಣು ಹೊಡೆದದ್ದು ಕಾರು, ನಾನಲ್ಲ ಎಂದು ಬಿಡಿಸಿ ಹೇಳಿದಷ್ಟೂ ಕೆಟ್ಟಿತು.

ಈಗ ಭಾನುವಾರ ಹೆಂಡತಿಯೂ ಅತ್ತೆಯೂ ಚಾವಣಿ ಇಳಿಸಿಕೊಂಡು ಸುತ್ತಾಡುತ್ತಾರೆ. ಹಿಂದಿನಿಂದ ಮಿನಿವ್ಯಾನಿನಲ್ಲಿ ನಾನು ಮತ್ತು ಅಕ್ಕಿ.

ಕೊಳ್ಳುವವರಿದ್ದರೆ ಅವರಿಬ್ಬರೂ ಮಲಗಿದ ಮೇಲೆ ಬನ್ನಿ. ಮ್ಯಾಗ್ನೆಟ್ ಮಾತ್ರ ತರಬೇಡಿ.